ಜರಿಯ (ಶತಪದಿಯ) ಸ್ರಾವದಲ್ಲಿ ಸಯನೈಡ್ ಯಾಕೆ ಕಾಣ್ತಿಲ್ಲ?

ಮಣ್ಣುಜೀವಿ: ಮಣ್ಣೊಳಗಿನ ದಾರದಂಥ ಜರಿಗಳು, ಅಂದರೆ ಜಿಯೋಫಿಲಸ್ ಗುಂಪಿನವು, ಕೆಣಕಿದಾಗ ಹೊಟ್ಟೆಯಡಿಯ ರಂಧ್ರಗಳಿಂದ ಅಂಟು ಬಿಡ್ತಾವೆ. ಅದನ್ನು ಹೆಕ್ಸೇನ್ ದ್ರಾವಕಕ್ಕೆ ಇಳಿಸಿ, ಮಿಶ್ರಣವನ್ನು ಬೇರ್ಪಡಿಸಿ ಅಣುಗಳನ್ನು ತೂಕದಿಂದ ಗುರುತಿಸುವ ಜಿಸಿ-ಎಂಎಸ್‌ಗೆ ಕೊಟ್ಟರೆ ಬರೀ ಬೆಂಜಾಲ್ಡಿಹೈಡ್. ಸಯನೈಡ್ ಎಲ್ಲಿ?

ಗಾಜಿನಸೀಸೆ: ಉಪಕರಣವೇ ಮುಚ್ಚಿಡ್ತಿದೆ. ಮೂಲ ಸಂಯುಕ್ತ ಮ್ಯಾಂಡೆಲೋನೈಟ್ರೈಲ್, ಅಣುತೂಕ 133. ಮಾದರಿ ಒಳಹೋಗುವ ಬಿಸಿ ಇಂಜೆಕ್ಟರಿನಲ್ಲಿ ಅದು ಬೆಂಜಾಲ್ಡಿಹೈಡ್ (106) ಮತ್ತು ಹೈಡ್ರೋಜನ್ ಸಯನೈಡ್ (27) ಆಗಿ ಒಡೆಯುತ್ತೆ. ಉಪಕರಣ ತೂಕ ಹುಡುಕೋದು (ಸ್ಕ್ಯಾನ್) 35ರಿಂದ ಶುರುವಾದರೆ 27 ಕಾಣೋದೇ ಇಲ್ಲ. ಅದು ದ್ರಾವಕಕ್ಕೂ ಮೊದಲೇ ಹೊರಬೀಳುತ್ತೆ ಬೇರೆ. ಹೆಕ್ಸೇನ್ ಬಿಟ್ಟು ಡೈಕ್ಲೋರೋಮೀಥೇನ್ ಬಳಸಿ, ಮಾದರಿಯನ್ನು ನೇರ ಕಾಲಂಗೆ (ಬೇರ್ಪಡಿಸುವ ಕೊಳವೆಗೆ) ತಣ್ಣಗೆ ಕೊಡಿ.

ದ್ರಾವಕವಾಗಿ ಮೆಥನಾಲ್ ಮಾತ್ರ ಬೇಡ! ಸ್ರಾವದಲ್ಲಿರುವ ಬೆಂಜಾಯಿಲ್ ಸಯನೈಡ್ ಅದರ ಜೊತೆ ಸೇರಿ ಮೀಥೈಲ್ ಬೆಂಜೋಯೇಟ್ ಆಗುತ್ತೆ, ಆಮೇಲೆ ಅದನ್ನೇ ಜರಿಯದು ಅಂತ ಬರೆದುಬಿಡ್ತಾರೆ. ಬೆಂಜೋಯಿಕ್ ಆಮ್ಲ ಕಂಡರೂ ಅನುಮಾನಿಸಿ: ನೀರು ತಗುಲಿದ ಬೆಂಜಾಯಿಲ್ ಸಯನೈಡೂ ಗಾಳಿಗೆ ಬಿಟ್ಟ ಬೆಂಜಾಲ್ಡಿಹೈಡೂ ಕೊನೆಗೆ ಅದೇ ಆಗೋದು.

ಮಣ್ಣುಜೀವಿ: ಅನಿಲವನ್ನು ಬೇರೆಯಾಗಿ ಹಿಡಿಯೋದು ಹೇಗೆ?

ಕಾಲುನೂರು: ಸಣ್ಣ ಸೀಸೆಯಲ್ಲಿ ಜರಿ ಬಿಟ್ಟು, ಒದ್ದೆ ಸೋಡಿಯಂ ಪಿಕ್ರೇಟ್ ಕಾಗದವನ್ನು ಮೇಲೆ ತೂಗಿಬಿಟ್ಟು ಮುಚ್ಚಿ. ಚಿಮುಟದಿಂದ ಮೊದಲೇ ಕೆಣಕಿರಬೇಕು. ಹಳದಿ ಕಾಗದ ಕೆಂಗಂದಾದರೆ ಸಯನೈಡ್ ಇದೆ. ಪಿಕ್ರಿಕ್ ಆಮ್ಲ ಒಣಗಿದರೆ ಸ್ಫೋಟಕ, ಒದ್ದೆಯಾಗಿಯೇ ಇಡಿ. ಮೂಗನ್ನು ನಂಬಬೇಡಿ: ಬಾದಾಮಿ ವಾಸನೆ ಹೆಚ್ಚಾಗಿ ಬೆಂಜಾಲ್ಡಿಹೈಡಿನದು, ಸಯನೈಡಿನ ವಾಸನೆ ಎಷ್ಟೋ ಜನರಿಗೆ ಗೊತ್ತಾಗೋದೇ ಇಲ್ಲ.

ಗಾಜಿನಸೀಸೆ: ಲಿಥೋಬಿಯಸ್ ಅನ್ನೋ ಬೇರೆ ಗುಂಪಿನ ಜರಿ ಸಿಕ್ಕರೆ ಹೊಟ್ಟೆಯಡಿ ಹುಡುಕಬೇಡಿ, ಅದರ ಅಂಟು ಬರೋದು ಹಿಂಗಾಲುಗಳಿಂದ. ಕಚ್ಚುವ ವಿಷ ಇದ್ಯಾವುದೂ ಅಲ್ಲ, ಅದು ತಲೆಯ ಹಿಂದಿನ ಕೊಂಡಿಯದು.