ಹಾಟ್ ಪ್ಲಗ್, ಶಾಕ್ ಅಬ್ಸಾರ್ಬರ್: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಬಿಡಿಭಾಗ ಆರಿಸುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ಸ್ಪಾರ್ಕ್ ಪ್ಲಗ್. ಇದರಲ್ಲಿ 'ಹಾಟ್', 'ಕೋಲ್ಡ್' ಅಂತ ಇವೆ. 'ಬಿಸಿ ಪ್ಲಗ್', 'ತಣ್ಣನೆ ಪ್ಲಗ್' ಅಂತ ಬರೆದರೆ ಕಿಡಿಯ ಬಿಸಿಯೇ ಜಾಸ್ತಿ ಕಡಿಮೆ ಅಂತ ಓದುವವರು ಅಂದುಕೊಳ್ಳುತ್ತಾರೆ. ಕಿಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಪ್ಲಗ್ಗಿನ ತುದಿ ತನ್ನ ಶಾಖವನ್ನು ಸಿಲಿಂಡರ್ ಹೆಡ್ಡಿಗೆ (ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗಕ್ಕೆ) ಎಷ್ಟು ಬೇಗ ದಾಟಿಸುತ್ತದೆ ಅನ್ನುವುದಷ್ಟೇ ವಿಷಯ. ತುದಿಯ ಬಿಳಿ ಪಿಂಗಾಣಿ ಉದ್ದವಿದ್ದರೆ ಶಾಖ ನಿಧಾನಕ್ಕೆ ದಾಟುತ್ತದೆ, ಅದು ಹಾಟ್. ಗಿಡ್ಡವಿದ್ದರೆ ಬೇಗ ದಾಟುತ್ತದೆ, ಅದು ಕೋಲ್ಡ್. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಮಸಿ ಸುಟ್ಟುಹೋಗದೆ ಅಲ್ಲೇ ಕೂರುತ್ತದೆ, ವಿಪರೀತ ಕಾದರೆ ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನೇ ತೂತಾಗಬಹುದು. ಅದಕ್ಕೇ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ, ಪೆಟ್ರೋಲನ್ನು ಒತ್ತುವ ಪ್ರಮಾಣ) ಏರಿಸಿ ಜೋರಾಗಿ ಓಡಿಸುವ ಎಂಜಿನ್ನಿಗೆ ಕೋಲ್ಡ್ ಬೇಕಾಗುತ್ತದೆ. ನಂಬರ್ ನೋಡಿ ಆರಿಸೋಣ ಅಂದರೆ ಅಲ್ಲೂ ಗೊಂದಲ: ಎನ್‌ಜಿಕೆ ಕಂಪನಿಯ ಪ್ಲಗ್ಗುಗಳಲ್ಲಿ 6ಕ್ಕಿಂತ 7 ಕೋಲ್ಡ್, ಬಾಷ್ ಕಂಪನಿಯವುಗಳಲ್ಲಿ 7ಕ್ಕಿಂತ 6 ಕೋಲ್ಡ್. ಪದವಾದರೂ ದಾರಿ ತಪ್ಪಿಸಬಾರದು ಅಲ್ವಾ? 'ಶಾಖ ಹಿಡಿಯುವ ಪ್ಲಗ್', 'ಶಾಖ ಬಿಡುವ ಪ್ಲಗ್' ಅಂತ ಯೋಚಿಸಿದ್ದೇನೆ. ಅರ್ಥ ಸರಿ, ಆದರೆ ಪದೇ ಪದೇ ಬರೆಯಲು ಉದ್ದ.

ಎರಡನೆಯದು ಶಾಕ್ ಅಬ್ಸಾರ್ಬರ್. 'ಆಘಾತ ಹೀರುಕ' ಅನ್ನುವುದು ನನಗೆ ಒಪ್ಪಿಗೆಯಿಲ್ಲ. ರಸ್ತೆಯ ಗುಂಡಿಯ ಏಟು ತಿನ್ನುವುದು ಸ್ಪ್ರಿಂಗ್. ಆಮೇಲೆ ಸ್ಪ್ರಿಂಗ್ ಸುಮ್ನೆ ಕುಣಿಯುತ್ತಲೇ ಇರದಂತೆ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ನುಗ್ಗಿಸಿ ಆ ಕುಣಿತವನ್ನು ಶಾಖವಾಗಿ ಕಳೆಯುವುದು ಶಾಕ್‌ನ ಕೆಲಸ. ಬ್ರಿಟನ್ನಿನವರು ಇದನ್ನು ಡ್ಯಾಂಪರ್ ಅನ್ನುತ್ತಾರೆ, ಅದೇ ಸರಿಯಾದ ಹೆಸರು. ನಾನು 'ಕುಣಿತ ತಡೆ' ಅಂತ ಬರೆದಿಟ್ಟಿದ್ದೇನೆ.

ಇಲ್ಲಿ ಬರೀ 'ಗಟ್ಟಿ ಶಾಕ್' ಅಂದರೂ ಸಾಲದು. ಚಕ್ರ ಮೇಲೇಳುವಾಗ ಒಂದು ಬಿಗಿ, ಕೆಳಗಿಳಿಯುವಾಗ ಇನ್ನೊಂದು ಬಿಗಿ. ಕೋನಿ ಕಂಪನಿಯ ಕೆಂಪು ಕ್ಲಾಸಿಕ್ ಶಾಕ್‌ಗಳಲ್ಲಿ ಎರಡನೆಯದನ್ನು, ಅಂದರೆ ರೀಬೌಂಡನ್ನು ಮಾತ್ರ ಹೆಚ್ಚು ಕಡಿಮೆ ಮಾಡಬಹುದು. ಕೊಳ್ಳುವವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು. ಈ ಎರಡು ಬಿಗಿಗಳಿಗೆ 'ಕುಗ್ಗು ಬಿಗಿ', 'ಹಿಗ್ಗು ಬಿಗಿ' ಅಂದರೆ ಓದಿದ ಕೂಡಲೇ ಹೊಳೆಯುತ್ತದಾ? ಗ್ಯಾರೇಜಿನಲ್ಲಿ ಕೆಲಸ ಮಾಡುವವರು ಬೇರೆ ಏನಾದರೂ ಅನ್ನುತ್ತಾರಾ? ಹಾಟ್, ಕೋಲ್ಡ್‌ಗೆ ಇದಕ್ಕಿಂತ ಚಿಕ್ಕ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.