ಅಪ್‌ಡೇಟ್: ಪಾಸ್‌ಪೋರ್ಟ್ ಇಲ್ಲದೆ ಬಂದ ಕುಟುಂಬದ ಆಶ್ರಯದ ಅರ್ಜಿ

ದಾಖಲೆಗಳಿಲ್ಲದೆ ಗಡಿ ದಾಟಿ ಬಂದ ನನ್ನ ಪರಿಚಯದ ಕುಟುಂಬವೊಂದು ಆಶ್ರಯ ಕೋರಬಹುದೇ, ಅರ್ಜಿ ಇತ್ಯರ್ಥವಾಗುವ ಮೊದಲೇ ಅವರನ್ನು ವಾಪಸ್ ಕಳಿಸಿಬಿಡುತ್ತಾರೆಯೇ ಎಂದು ಹಿಂದೆ ಕೇಳಿದ್ದೆ. ಅರ್ಜಿ ಸ್ವೀಕೃತವಾಗಿದೆ, ಸಂದರ್ಶನವೂ ಮುಗಿದಿದೆ, ತೀರ್ಮಾನ ಬಾಕಿಯಿದೆ.

ನೀವು ಸೂಚಿಸಿದ 1951ರ ನಿರಾಶ್ರಿತರ ಒಪ್ಪಂದವನ್ನು ಓದಿದೆ. ಅಪಾಯದ ನೆಲದಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಿ ಸಕಾರಣ ನೀಡಿದ ನಿರಾಶ್ರಿತರನ್ನು ಅಕ್ರಮ ಪ್ರವೇಶಕ್ಕಾಗಿ ದಂಡಿಸುವಂತಿಲ್ಲವೆಂದು 31ನೇ ವಿಧಿ ಹೇಳಿದರೆ, ಜೀವಕ್ಕೋ ಸ್ವಾತಂತ್ರ್ಯಕ್ಕೋ ಕುತ್ತಿರುವ ಕಡೆಗೆ ಅವರನ್ನು ಮರಳಿ ಅಟ್ಟುವುದನ್ನು 33ನೇ ವಿಧಿ ತಡೆಯುತ್ತದೆ. ಆದರೆ ಆ ಭಯವು ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೇ ಹುಟ್ಟಿರಬೇಕು. ಬರೀ ಬಡತನದಿಂದ ಹೊರಟವರಿಗೆ ಈ ರಕ್ಷಣೆ ದಕ್ಕುವುದಿಲ್ಲ. ಹಸಿವಿಗೂ ಹಿಂಸೆಗೂ ನಡುವೆ ಇಷ್ಟು ನೇರವಾದ ಗೆರೆ ಎಳೆಯಬಹುದೆಂದು ನನಗಂತೂ ಅನಿಸುವುದಿಲ್ಲ.

ಸಂದರ್ಶನದಲ್ಲಿ ಕಷ್ಟವಾದದ್ದು ತಾರೀಖುಗಳು. ಮನೆ ಬಿಟ್ಟ ದಿನವನ್ನು ತಂದೆ ಕೊಯ್ಲಿನ ಲೆಕ್ಕದಲ್ಲಿ ಹೇಳಿದರೆ, ತಾಯಿ ಮಗನಿಗೆ ಜ್ವರ ಬಂದ ವಾರದಿಂದ ಎಣಿಸಿದರು. ಉತ್ತರಗಳು ತಾಳೆಯಾಗದಿದ್ದಾಗ ದುಭಾಷಿಯ ಸಲಹೆಯಂತೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆಸಿದರು. ಮಕ್ಕಳು ಶಾಲೆಗೆ ಸೇರಿದ್ದಾರೆ. ದೊಡ್ಡವರ ಕೆಲಸದ ಪರವಾನಗಿ ಇನ್ನೂ ಬಂದಿಲ್ಲ.