ಅಂಗಳದ ಕೊಳದ ಮೇಲೆ ದಿನಾ ಕಸ, ಈಗ ಎಣ್ಣೆ ಪದರ ಬೇರೆ. ಸ್ಕಿಮ್ಮರ್ ತಗೊಳ್ಬೇಕಾ?

ಬೈಲುಮನೆ

ನಮಸ್ಕಾರ ಎಲ್ಲರಿಗೂ. ನಮ್ಮ ಮನೆ ಬ್ರಹ್ಮಾವರ ಹತ್ರ. ಎರಡು ವರ್ಷ ಹಿಂದೆ ಅಂಗಳದ ಮೂಲೆಯಲ್ಲಿ ಮುರಕಲ್ಲಿನ ಒಂದು ಸಣ್ಣ ಕೊಳ ಕಟ್ಟಿಸಿದ್ದು, 8 ಅಡಿ ಉದ್ದ, 5 ಅಡಿ ಅಗಲ, ನೀರು 2 ಅಡಿ ನಿಲ್ತದೆ. ನಾಲ್ಕು ಚಟ್ಟಿ ನೈದಿಲೆ, ಆರು ಗೋಲ್ಡ್‌ಫಿಶ್, ಗಪ್ಪಿ ಎಷ್ಟುಂಟು ಅಂತ ಲೆಕ್ಕ ಇಲ್ಲ. ನೋಡ್ಲಿಕ್ಕೆ ಭಾರೀ ಚಂದ, ಆದ್ರೆ ನೀರಿನ ಮೇಲಿನ ಕಸ ತೆಗೆದು ತೆಗೆದು ನನಗೆ ಸಾಕಾಯ್ತು ಮಾರಾಯ್ರೆ. ಪಡುಬದಿಯಲ್ಲಿ ಎರಡು ತೆಂಗಿನ ಮರ, ಅದರ ಹೂ ಭತ್ತ ಚೆಲ್ಲಿದ ಹಾಗೆ ವರ್ಷ ಪೂರ್ತಿ ಬೀಳ್ತಾ ಇರ್ತದೆ, ಪಕ್ಕದ ಮನೆಯ ರೆಂಜೆ ಮರದ್ದು ಎಲೆಯೂ ನಮಗೇ ಹೂವೂ ನಮಗೇ. ಬೆಳಿಗ್ಗೆ ಜರಡಿಯಲ್ಲಿ ಗೋರಿ ತೆಗೆದ್ರೆ ಮಧ್ಯಾಹ್ನ ಗಾಳಿ ಬೀಸಿದ ಮೇಲೆ ಪುನಃ ಮೊದಲಿನ ಹಾಗೇ.

ಅದು ಹೇಗೋ ನಡೀತಿತ್ತು. ಈಗ ಒಂದು ತಿಂಗಳಿಂದ ಹೊಸ ಉಪದ್ರ. ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಸಪುರ ಪದರ, ಬಿಸಿಲು ಬಿದ್ರೆ ಕಾಮನಬಿಲ್ಲಿನ ಬಣ್ಣ. ಹೋದ ವರ್ಷ ಇದೆಲ್ಲ ಇರ್ಲಿಲ್ಲ. ಮನೆಯವರು ಹೇಳೋದು ಪಂಪಿಂದ ಎಣ್ಣೆ ಲೀಕ್ ಆಗ್ತಿದೆ ಅಂತ, ಅತ್ತೆ ಹೇಳೋದು ಪಕ್ಕದವರು ಎಂತದೋ ಹಾಕಿದ್ದಾರೆ ಅಂತ (ಅತ್ತೆಗೆ ಕರೆಂಟ್ ಹೋದ್ರೂ ಪಕ್ಕದವರೇ ಕಾರಣ). ಆನ್‌ಲೈನ್‌ನಲ್ಲಿ ತೇಲುವ ಸ್ಕಿಮ್ಮರ್ ಅಂತ ಒಂದು ಕಾಣ್ತದೆ, ಮೇಲಿನ ಕಸ ಅದೇ ಎಳ್ಕೊಳ್ತದಂತೆ. ಯಾರಾದ್ರೂ ಉಪಯೋಗ ಮಾಡಿದ್ದೀರಾ? ತಗೊಂಡ್ರೆ ಈ ಎಣ್ಣೆ ಪದರವೂ ಹೋಗ್ತದಾ?

ಕಟ್ಟೆಪುರಾಣ

ಮಶಿನ್ ಎಲ್ಲ ಎಂತಕ್ಕೆ? ಬಾವಿಗೆ ಹಾಕುವ ಹಾಗೆ ಒಂದು ನೈಲಾನ್ ಬಲೆ ಹಾಕಿ ಬಿಡಿ. ಮಲ್ಪೆ ಕಡೆ ಹಳೆ ಬಲೆಯ ತುಂಡು ಯಾರ ಹತ್ರ ಕೇಳಿದ್ರೂ ಸಿಗ್ತದೆ. ಮಿಂಚುಳ್ಳಿ ಬಂದು ಮೀನು ಹಿಡಿಯೋದೂ ನಿಲ್ತದೆ.

ನೀರೊಳ್ಳೆ

ಬಲೆ ಹಾಕುವ ಮೊದಲು ನನ್ನ ಕಥೆ ಒಂದು ಕೇಳಿ. ನಾನೂ ಹಳೆ ಮೀನಿನ ಬಲೆ ತಂದು ನೀರಿನ ಮೇಲೆ ಹಾಸಿದ್ದೆ, ಅಂಚಲ್ಲಿ ಸಡಿಲ ಬಿಟ್ಟು ಕಲ್ಲು ಇಟ್ಟದ್ದು. ಒಂದು ವಾರ ಆಗ್ಲಿಲ್ಲ, ಕೇರೆ ಹಾವು ಬಂದು ಕಣ್ಣಿಯಲ್ಲಿ ಸಿಕ್ಕಿಹಾಕಿಕೊಂಡಿತು. ಕತ್ತರಿ ಹಿಡ್ಕೊಂಡು ಒಂದೊಂದೇ ದಾರ ಕತ್ತರಿಸಿ ಬಿಡಿಸ್ಲಿಕ್ಕೆ ಮುಕ್ಕಾಲು ಗಂಟೆ, ಹೆಂಡತಿ ಜಗಲಿಯಲ್ಲಿ ನಿಂತು ಬೊಬ್ಬೆ, ಹಾವಿಗಿಂತ ನನಗೆ ಜಾಸ್ತಿ ಸುಸ್ತು. ಸಪುರ ನೂಲಿನ ಬಲೆ ನೆಲದ ಹತ್ರ ಸಡಿಲವಾಗಿ ಬಿದ್ದಿದ್ರೆ ಹಾವಿಗೆ ಅದು ಉರುಳೇ. ಹಾಕೋದಾದ್ರೆ ನರ್ಸರಿಯವರು ಹಾಕುವ ಶೇಡ್ ನೆಟ್ ತಗೊಳ್ಳಿ, ಪಿವಿಸಿ ಪೈಪಿನ ಫ್ರೇಮ್ ಮಾಡಿ ಬಿಗಿಯಾಗಿ ಎಳೆದು ಕಟ್ಟಿ, ನಡುವೆ ಎತ್ತರ ಎರಡು ಬದಿ ಇಳಿಜಾರು, ಆಗ ಎಲೆ ಜಾರಿ ಹೊರಗೆ ಬೀಳ್ತದೆ. ಚಪ್ಪಟೆ ಕಟ್ಟಿದ್ರೆ ಎಲೆ ನಡುವೆ ರಾಶಿ ಬಿದ್ದು ಬಲೆ ಜೋತು ನೀರಿಗೇ ಮುಟ್ತದೆ, ಎಲೆಯ ಕಷಾಯ ನೀರಿಗೆ ಇಳೀತದೆ.

ಆದ್ರೆ ಸತ್ಯ ಹೇಳ್ತೇನೆ, ನೈದಿಲೆ ನೋಡ್ಲಿಕ್ಕೆ ಅಂತ ಕೊಳ ಮಾಡಿ ಅದರ ಮೇಲೆ ಹಸಿರು ಡೇರೆ ಹಾಕಿದ್ರೆ ಎಂತ ಚಂದ? ನಾನು ಒಂದು ತಿಂಗಳಲ್ಲಿ ತೆಗೆದೆ. ರೆಂಜೆ ಎಲೆ ಜಾಸ್ತಿ ಉದುರುವ ಸಮಯಕ್ಕೆ ಮಾತ್ರ ಹಾಕಿ ಸಾಕು.

ಮೋಟಾರ್ ಭಟ್ರು

ಸ್ಕಿಮ್ಮರ್ ಆಮೇಲೆ ನೋಡುವ. ಮೊದಲು ಒಂದು ಕೋಲು ತಗೊಂಡು ಆ ಎಣ್ಣೆ ಪದರವನ್ನು ಕುಟ್ಟಿ ನೋಡಿ. ಕೋಲು ತೆಗೆದ ಕೂಡ್ಲೆ ಪದರ ಪುನಃ ಹರಿದು ಬಂದು ಸೇರಿಕೊಂಡ್ರೆ ಅದು ಎಣ್ಣೆ. ಗಾಜು ಒಡೆದ ಹಾಗೆ ಚೂರು ಚೂರಾಗಿ ಹಾಗೇ ಬಿಟ್ಟು ನಿಂತ್ರೆ ಅದು ಎಣ್ಣೆ ಅಲ್ಲ, ಕಬ್ಬಿಣ. ನಮ್ಮ ಮಣ್ಣು ಇಡೀ ಕಬ್ಬಿಣವೇ ಅಲ್ವಾ, ಮುರಕಲ್ಲಿಗೆ ಆ ಕೆಂಪು ಬಣ್ಣ ಬಂದದ್ದೇ ಅದರಿಂದ. ನೆಲದ ಅಡಿಯ ನೀರಿಗೆ ಗಾಳಿ ಇಲ್ಲದ ಕಾರಣ ಕಬ್ಬಿಣ ಅದರಲ್ಲಿ ಕರಗಿಯೇ ಇರ್ತದೆ, ಬೋರಿಂದ ತೆಗೆದಾಗ ನೀರು ಕನ್ನಡಿಯ ಹಾಗೆ ಕಾಣ್ತದೆ, ಹೊರಗೆ ಬಂದು ಗಾಳಿ ತಾಗಿದ ಮೇಲೆ ತುಕ್ಕಾಗಿ ಬೇರೆಯಾಗ್ತದೆ, ಅದನ್ನೇ ನಂಬಿ ಬದುಕುವ ಬ್ಯಾಕ್ಟೀರಿಯಾ ಉಂಟು, ಎರಡೂ ಸೇರಿ ನೀರಿನ ಮೇಲೆ ಈ ಕಾಮನಬಿಲ್ಲಿನ ಕೆನೆ ಕಟ್ತದೆ. ಗದ್ದೆ ಬದಿಯ ಒಸರು ನೀರಲ್ಲಿ ನೋಡಿದ್ದೀರಲ್ಲ, ಅದೇ. ನಿಮ್ಮಲ್ಲಿ ಒಂದು ತಿಂಗಳಿಂದ ಶುರು ಅಂದ್ರಲ್ಲ, ಬಾವಿ ಬತ್ತಿ ಬೋರಿನ ನೀರು ತುಂಬಿಸ್ತಾ ಇದ್ದೀರಾ?

ಇನ್ನು ಮೂರನೇದೂ ಒಂದುಂಟು, ಮೀನಿನ ಆಹಾರದ ಜಿಡ್ಡು. ತಿನ್ನದೆ ಉಳಿದ ಆಹಾರ, ಕೊಳೆತ ಹೂ, ಹೂವಿನ ಧೂಳು ಎಲ್ಲ ಸೇರಿದ್ರೆ ಮಂಕು ಬಿಳಿ ಪದರ ಆಗ್ತದೆ, ಬಣ್ಣ ಅಷ್ಟು ಮಿಂಚೋದಿಲ್ಲ. ಅದಕ್ಕೆ ಹಳೆ ಪೇಪರ್ ಒಂದು ಹಾಳೆ ನೀರಿನ ಮೇಲೆ ಹಾಸಿ ನಿಧಾನ ಎತ್ತಿ, ಪದರ ಪೇಪರಿಗೆ ಅಂಟಿ ಬರ್ತದೆ. ದೊಡ್ಡದಾದ್ರೆ ಹಳೆ ಬೈರಾಸು ಇಬ್ಬರು ಎರಡು ತುದಿ ಹಿಡಿದು ಮೇಲಿಂದ ಮೇಲೆ ಎಳ್ಕೊಂಡು ಹೋಗಿ.

ಈಗ ಸ್ಕಿಮ್ಮರ್ ವಿಷಯ. ಅದರಲ್ಲಿ ದೊಡ್ಡ ವಿದ್ಯೆ ಎಂತದೂ ಇಲ್ಲ. ನೀರಿನ ಮಟ್ಟಕ್ಕಿಂತ ಚೂರು ಕೆಳಗೆ ಒಂದು ಅಂಚು, ಅಂಚಿನ ಒಳಗೆ ಬುಟ್ಟಿ, ಬುಟ್ಟಿಯ ಅಡಿಯಲ್ಲಿ ಪಂಪು. ಪಂಪು ಒಳಗಿನ ನೀರು ಎಳೆದಾಗ ಹೊರಗಿನ ನೀರು ಅಂಚು ಹಾರಿ ಒಳಗೆ ಬೀಳ್ತದೆ, ಬೀಳೋದು ಮೇಲಿನ ಸಪುರ ಪದರ ಮಾತ್ರ, ಕಸ ಇರೋದೂ ಅಲ್ಲೇ. ತೇಲುವ ನಮೂನೆಯಲ್ಲಿ ಆ ಅಂಚು ನೀರಿನ ಜೊತೆ ಏರ್ತದೆ ಇಳೀತದೆ, ನೀವು ದುಡ್ಡು ಕೊಡೋದು ಅದಕ್ಕೇ. ನಿಮ್ಮ ಕೊಳ ಲೆಕ್ಕ ಹಾಕಿದ್ರೆ ಸಾಧಾರಣ 2,260 ಲೀಟರ್ ಆಗ್ತದೆ, ಗಂಟೆಗೆ 2,000 ಲೀಟರಿನ ಪಂಪು ಧಾರಾಳ ಸಾಕು. ಇನ್ನೂ ದೊಡ್ಡದು ಹಾಕಿದ್ರೆ ಗಾಳಿ ಎಳೆದು ಗಳಗಳ ಅಂತದೆ, ಗಪ್ಪಿ ಮರಿಗಳು ರಪ್ಪ ಒಳಗೆ.

ನಾನು ಮನೆಯಲ್ಲೇ ಮಾಡಿದ್ದು ಹೀಗೆ. ಹೊಸ 20 ಲೀಟರ್ ಬಕೆಟ್ (ಪೇಂಟಿಂದು ಬೇಡ), ಒಳಗೆ ಎರಡು ಕಲ್ಲು ಭಾರಕ್ಕೆ, ಇಲ್ಲದಿದ್ರೆ ನೀರು ಇಳಿದ ಹಾಗೆ ಬಕೆಟ್ ತೇಲ್ತದೆ. ಪಂಪಿನ ಬಾಯಿಗೆ ದಪ್ಪ ಸ್ಪಂಜು. ಬಕೆಟ್ಟಿನ ಅಂಚು ನೀರಿನ ಅಡಿಗೆ ಅರ್ಧ ಬೆರಳು ಬರುವ ಹಾಗೆ ಇಟ್ಟಿಗೆ ಕೊಟ್ಟು ನಿಲ್ಲಿಸೋದು. ಪೈಪು ಎದುರು ಬದಿಗೆ ಬಿಡೋದು, ಅಲ್ಲಿಂದ ಬರುವ ನೀರು ಕಸವನ್ನು ಬಕೆಟ್ ಕಡೆಗೆ ದೂಡ್ತದೆ. ಬಕೆಟ್ ಇಡುವ ಜಾಗ ಮುಖ್ಯ, ಮೂಡುಬದಿಗೆ ಇಡಿ. ನಮ್ಮಲ್ಲಿ ಮಧ್ಯಾಹ್ನದ ಗಾಳಿ ಕಡಲಿಂದ, ಮಳೆಗಾಲದ ಗಾಳಿಯೂ ಕಡಲಿಂದ, ಕಸ ಎಲ್ಲ ತನ್ನಷ್ಟಕ್ಕೆ ಮೂಡು ಅಂಚಿಗೆ ಹೋಗಿ ನಿಲ್ತದೆ. ನಾನು ಮೊದಲು ಪಡುಬದಿಗೆ ಇಟ್ಟು (ಪ್ಲಗ್ ಆ ಬದಿಗೆ ಇತ್ತು ಅಂತ) ಮೂರು ದಿನ ಗಾಳಿಯ ಎದುರು ಪಂಪು ಓಡಿಸಿದ ಬುದ್ಧಿವಂತ.

ಎರಡು ಎಚ್ಚರಿಕೆ. ಮೇ ತಿಂಗಳಲ್ಲಿ ದಿನಾ ನೀರು ಆರ್ತದೆ, ಎರಡು ದಿನ ನೋಡದಿದ್ರೆ ಅಂಚು ಹೊರಗೆ ಬಂದು ಬಕೆಟ್ ಖಾಲಿ, ಪಂಪು ಸುಟ್ಟು ಹೋಗ್ತದೆ. ಮತ್ತೆ ನೀರಲ್ಲಿ ಕರೆಂಟ್ ಅಂದ್ರೆ ತಮಾಷೆ ಅಲ್ಲ, ಆ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡ್ಲೆ ಲೈನ್ ಕಟ್ ಮಾಡುವ ಸ್ವಿಚ್) ಇಲ್ಲದೆ ಪಂಪು ಇಳಿಸ್ಬೇಡಿ, ಗುಡುಗು ಶುರು ಆದ್ರೆ ಪ್ಲಗ್ ತೆಗೀರಿ, ನೀರಿಗೆ ಕೈ ಹಾಕುವಾಗಲೂ ತೆಗೀರಿ.

ಗಡಂಗ್ ರಾಯ

ಇಷ್ಟುದ್ದ ಯಾರು ಓದ್ತಾರೆ ಭಟ್ರೇ. ನಮ್ಮ ಅಜ್ಜ ಹೊಂಡಕ್ಕೆ ಎರಡು ಚಮಚ ಚಿಮಿಣಿ ಎಣ್ಣೆ ಬಿಡ್ತಿದ್ರು, ನುಸಿಯೂ ಇಲ್ಲ ಎಂತದೂ ಇಲ್ಲ. ಎಣ್ಣೆ ಪದರ ಇದ್ರೆ ಒಳ್ಳೇದೇ ಅಲ್ವಾ?

ಕದ್ರಿಗುಡ್ಡೆ

@ಗಡಂಗ್ ರಾಯ ಅಜ್ಜನ ಹೊಂಡದಲ್ಲಿ ಗೋಲ್ಡ್‌ಫಿಶ್ ಇರ್ಲಿಲ್ಲ ಅಣ್ಣ. ಚಿಮಿಣಿ ಎಣ್ಣೆ ನುಸಿಮರಿಯ ಉಸಿರಿನ ನಳಿಗೆ ಮುಚ್ಚಿ ಕೊಲ್ತದೆ ಸರಿ, ಆದ್ರೆ ಮೀನಿಗೂ ಅದು ವಿಷವೇ.

ನುಸಿ ವಿಷಯಕ್ಕೆ ಬಂದ್ರೆ, ಮಂಗಳೂರಿನವರಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ, ಮಲೇರಿಯಾ ನೋಡದ ಮನೆ ನಮ್ಮ ಬೀದಿಯಲ್ಲಿ ಇಲ್ಲ. ಇಲ್ಲಿ ಬಾವಿ ಟ್ಯಾಂಕಿಗೆ ಗಪ್ಪಿ, ಗಂಬೂಸಿಯಾ ಬಿಡೋದು ಅದಕ್ಕೇ. ಆದ್ರೆ ಮೀನು ಉಂಟು ಅಂತ ಸುಮ್ಮನೆ ಕೂತ್ಕೊಳ್ಬೇಡಿ. ಎಲೆ ಕಸ ಮೂಲೆಯಲ್ಲಿ ಚಾಪೆಯ ಹಾಗೆ ಕಟ್ಟಿದ್ರೆ ನುಸಿಮರಿಗೆ ಅದರ ನಡುವೆ ಅಡಗ್ಲಿಕ್ಕೆ ಜಾಗ ಆಯ್ತು, ಗಪ್ಪಿ ಅಲ್ಲಿಗೆ ನುಗ್ಗೋದಿಲ್ಲ. ನಾನು ಕಸ ತೆಗೆಯೋದೇ ಆ ಕಾರಣಕ್ಕೆ, ಚಂದಕ್ಕಲ್ಲ. ಹಗುರದ ಒಂದು ಬಿದಿರಿನ ದೋಟಿಯ ತುದಿಗೆ ಸೊಳ್ಳೆ ಪರದೆಯ ಬಟ್ಟೆ ಹೊಲಿದ ರಿಂಗು ಕಟ್ಟಿದ್ದೇನೆ, ಸಂಜೆ ಐದು ನಿಮಿಷ, ಕಸ ಮುಳುಗುವ ಮೊದಲು. ಮುಳುಗಿದ ಮೇಲೆ ಅಡಿಯಲ್ಲಿ ಕೊಳೀತದೆ, ಕೊಳೆಯುವಾಗ ನೀರಿನ ಆಮ್ಲಜನಕ ತಿನ್ತದೆ. ನಮ್ಮ ಸೆಕೆಯ ನೀರಲ್ಲಿ ಮೊದಲೇ ಅದು ಕಮ್ಮಿ, 20 ಡಿಗ್ರಿಯ ನೀರಲ್ಲಿ ಲೀಟರಿಗೆ 9 ಮಿಲಿಗ್ರಾಂ ಹತ್ರ ಹಿಡಿದ್ರೆ 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಬೆಳಗ್ಗಿನ ಜಾವ ಮೀನು ಮೇಲೆ ಬಂದು ಬಾಯಿ ಪಚಪಚ ಮಾಡಿದ್ರೆ ಹಸಿವೆ ಅಂತ ಪುನಃ ಆಹಾರ ಹಾಕ್ಬೇಡಿ, ಉಸಿರು ಕಟ್ಟಿದ್ದು ಅದಕ್ಕೆ.

ಹಾಳೆಟೊಪ್ಪಿ

ನನ್ನ ಹತ್ರ ಕರೆಂಟ್ ಇಲ್ಲದ ಉಪಾಯ ಉಂಟು. ಕೊಳದ ಮೂಡು ಅಂಚಿನಲ್ಲಿ, ನೀರು ನಿಲ್ಬೇಕಾದ ಮಟ್ಟಕ್ಕೆ, ಎರಡು ಇಂಚಿನ ಪೈಪು ಅಡ್ಡ ಕೂರಿಸಿ, ಅದರ ಹೊರಗಿನ ಬಾಯಿ ಬಾಳೆ ಬುಡಕ್ಕೆ. ಮಳೆ ಹೊಡೆದಾಗ ತುಂಬಿದ ನೀರು ಆ ಪೈಪಲ್ಲೇ ಹೋಗ್ಬೇಕು, ಹೋಗುವಾಗ ಮೇಲಿನ ಕಸ, ಕೆನೆ ಎಲ್ಲ ಕರ್ಕೊಂಡು ಹೋಗ್ತದೆ. ಜೂನಿಂದ ಸೆಪ್ಟೆಂಬರ್ ವರೆಗೆ ನಾನು ಜರಡಿ ಮುಟ್ಟೋದೇ ಇಲ್ಲ. ಮಳೆ ಇಲ್ಲದಾಗ ವಾರಕ್ಕೊಮ್ಮೆ ಎದುರು ಬದಿಯಿಂದ ಪೈಪು ಹಿಡಿದು ನೀರು ಬಿಡಿ, ಉಕ್ಕಿ ಹೋಗ್ಲಿ. ಬಾಳೆಗೆ ಹೇಗೂ ನೀರು ಬೇಕಲ್ಲ, ಅದೂ ಮೀನಿನ ಗೊಬ್ಬರ ಇದ್ದ ನೀರು. ಆದ್ರೆ ಬಿಡುವ ನೀರು ಬೋರಿಂದು ಆದ್ರೆ ಭಟ್ರು ಹೇಳಿದ ಕಬ್ಬಿಣದ ಕಥೆ ಪುನಃ ಶುರು, ಅದಕ್ಕೆ ಒಂದು ಶವರ್ ತಲೆ ಸಿಕ್ಕಿಸಿ ಎತ್ತರದಿಂದ ಡ್ರಮ್ಮಿಗೆ ಸುರಿಸಿ, ಒಂದು ದಿನ ಹಾಗೇ ಇಡಿ, ಕೆಂಪು ಗಸಿ ಅಡಿಗೆ ಕೂತ ಮೇಲೆ ಮೇಲಿನ ನೀರು ಮಾತ್ರ ಕೊಳಕ್ಕೆ.

ಅಜೋಲಾ, ಅಂತರಗಂಗೆ ಅಂತ ತೇಲುವ ಗಿಡ ಎಲ್ಲ ತಂದು ಬಿಡಿ, ಬಿಸಿಲು ತಡೀತದೆ ಅಂತ ಯಾರಾದ್ರೂ ಹೇಳಿಯಾರು. ಕೇಳ್ಬೇಡಿ. ದನ ಇದ್ದವರಿಗೆ ಮೇವಿಗೆ ಅಜೋಲಾ ಸರಿ, ಇಲ್ಲದವರಿಗೆ ಅದೇ ಕಸ. ನೈದಿಲೆ ಎಲೆ ಅರ್ಧ ನೀರು ಮುಚ್ಚಿದ್ರೆ ಅದೇ ನೆರಳು ಸಾಕು.

ಬೈಲುಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಹಿಡಿಸೂಡಿ ಕಡ್ಡಿ ತಗೊಂಡು ಕುಟ್ಟಿ ನೋಡಿ ಬಂದೆ. ಚೂರು ಚೂರು! ಒಡೆದ ಬಳೆಯ ಹಾಗೆ ತುಂಡು ತುಂಡಾಗಿ ನಿಂತಿತು, ಸೇರ್ಲೇ ಇಲ್ಲ. ಭಟ್ರೇ ನಿಮಗೆ ಹೇಗೆ ಗೊತ್ತಾಯ್ತು, ಏಪ್ರಿಲ್ ಕೊನೆಗೆ ಬಾವಿ ತಳ ಕಂಡದ್ದು, ಆಮೇಲೆ ಬೋರಿಂದೇ. ಬಚ್ಚಲಿನ ಬಕೆಟ್ ಕೆಂಪಾಗಿದೆ ಅಂತ ನಾನೇ ತಿಂಗಳಿಂದ ತಿಕ್ತಾ ಇದ್ದೇನೆ, ಎರಡನ್ನೂ ಜೋಡಿಸಿ ಆಲೋಚನೆ ಮಾಡ್ಲಿಲ್ಲ ನೋಡಿ. ಅತ್ತೆಗೆ ಹೇಳಿದೆ, ಪಕ್ಕದವರದ್ದಲ್ಲ ನೆಲದ ಅಡಿಯದ್ದು ಅಂತ. "ಅವರ ಬೋರೂ ಅದೇ ನೆಲದಲ್ಲಿ ಉಂಟಲ್ಲ" ಅಂದ್ರು.

ಇನ್ನೊಂದು ಕಂಡುಹಿಡಿದೆ. ಮೀನಿಗೆ ನಾನು ಬೆಳಿಗ್ಗೆ ಒಮ್ಮೆ ಹಾಕೋದು, ಆದ್ರೆ ಅತ್ತೆ ಮಧ್ಯಾಹ್ನ ಒಂದು ಮುಷ್ಟಿ ಹೊದ್ಲು, ಸಂಜೆ ಉಳಿದ ದೋಸೆ ಚೂರು. ದೇವಸ್ಥಾನದ ಕೆರೆಗೆ ಹಾಕಿದ ಹಾಗೆ! ಆರು ಮೀನಿಗೆ! ಅದನ್ನು ನಿಲ್ಲಿಸ್ಲಿಕ್ಕೆ ಸ್ಕಿಮ್ಮರ್ ಯಾವ ಕಂಪನಿದೂ ಇಲ್ಲ, ನಾನೇ ಮಾತಾಡ್ಬೇಕು.

ಸ್ಕಿಮ್ಮರ್ ಸದ್ಯ ಬೇಡ, ಬಕೆಟ್ ಮಾಡಿ ನೋಡ್ತೇನೆ, ಡ್ರಮ್ಮೂ ಉಂಟು. ಹಾಳೆಟೊಪ್ಪಿಯವರ ಪೈಪು ಮಾತ್ರ ಮಳೆಗೆ ಮೊದಲು ಆಗ್ಬೇಕಿತ್ತು. ಮೇ ಕೊನೆಯ ಪತ್ತನಾಜೆ ಕಳೀತು, ಇನ್ನು ಮಳೆಯೇ, ಮೇಸ್ತ್ರಿಗೆ ಫೋನ್ ಮಾಡಿದ್ರೆ ನಾಳೆ ನಾಡಿದ್ದು ಅಂತಾರೆ.

ಮೋಟಾರ್ ಭಟ್ರು

ಪಂಪು ಓಡ್ತಿರುವಾಗ ಆಹಾರ ಹಾಕ್ಬೇಡಿ, ಹೊದ್ಲು ಆದ್ರೂ ಸರಿ, ಮೀನಿಗಿಂತ ಮೊದಲು ಬಕೆಟ್ ತಿನ್ತದೆ. ಮತ್ತೆ ಬೆಳಿಗ್ಗೆ ಬಕೆಟ್ ಖಾಲಿ ಮಾಡುವಾಗ ಕೈ ಹಾಕುವ ಮೊದಲು ಇಣುಕಿ ನೋಡಿ. ನನ್ನದರಲ್ಲಿ ದಿನಾ ಒಂದು ಕಪ್ಪೆ, ಅದೇ ಕಪ್ಪೆ ಅಂತ ನನಗೆ ಅನುಮಾನ.

ಹಾಳೆಟೊಪ್ಪಿ

ಒಂದು ಹೇಳ್ಲಿಕ್ಕೆ ಮರೆತೆ, ಪೈಪಿನ ಬಾಯಿಗೆ ಜಾಲರಿ ಕಟ್ಟಿ. ದೊಡ್ಡ ಕಣ್ಣಿಂದು, ಸಣ್ಣದಾದ್ರೆ ತೆಂಗಿನ ಹೂ ಕಟ್ಟಿ ನೀರು ಬೇರೆ ಕಡೆಯಿಂದ ಉಕ್ಕುತ್ತದೆ. ಮೊದಲ ವರ್ಷ ನಾನು ಕಟ್ಟಿರ್ಲಿಲ್ಲ, ರಾತ್ರಿ ಜೋರು ಮಳೆ ಬಂದು ಬೆಳಿಗ್ಗೆ ನೋಡಿದ್ರೆ ಮೂರು ಗೋಲ್ಡ್‌ಫಿಶ್ ಪಕ್ಕದವರ ಗದ್ದೆಯಲ್ಲಿ. ಎರಡು ವಾಪಸ್ ಕೊಟ್ರು.